ನ್ಯಾನೋ ಸಿಲಿಕಾನ್ ಆನೋಡ್: ಪುಡಿಯಿಂದ ಪರೀಕ್ಷೆಯವರೆಗೆ, ಜೊತೆಗೆ ನ್ಯಾನೋ ಪುಡಿ ಬೆರೆಸಿದ ಎಲೆಕ್ಟ್ರೋಲೈಟ್

ಒಂದು ಗ್ರಾಂ ಗ್ರಾಫೈಟ್ 372 ಮಿಲಿಆಂಪ್-ಅವರ್‌ನಷ್ಟು ಲಿಥಿಯಂ ಹಿಡಿಯುತ್ತದೆ. ಒಂದು ಗ್ರಾಂ ಸಿಲಿಕಾನ್ ಹಿಡಿಯುವುದು 3,579. ಹತ್ತಿರ ಹತ್ತಿರ ಹತ್ತು ಪಟ್ಟು. ಹಾಗಾದರೆ ಎಲ್ಲ ಬ್ಯಾಟರಿಗೂ ಸಿಲಿಕಾನ್ ಆನೋಡ್, ಅಂದರೆ ಚಾರ್ಜ್ ಮಾಡುವಾಗ ಲಿಥಿಯಂ ತುಂಬಿಕೊಳ್ಳುವ ಋಣ ತುದಿ, ಯಾಕೆ ಹಾಕುವುದಿಲ್ಲ? ಲಿಥಿಯಂ ಒಳಗೆ ಹೋದಂತೆ ಸಿಲಿಕಾನ್ ಊದುತ್ತದೆ. ಪೂರ್ತಿ ತುಂಬುವ ಹೊತ್ತಿಗೆ ಮೊದಲಿನ ಸುಮಾರು ನಾಲ್ಕು ಪಟ್ಟು ಗಾತ್ರಕ್ಕೆ ಬಂದಿರುತ್ತದೆ. ದೊಡ್ಡ ಕಣ ಆ ಒತ್ತಡ ತಡೆಯಲಾರದೆ ಬಿರುಕು ಬಿಡುತ್ತದೆ, ಪುಡಿಪುಡಿಯಾಗುತ್ತದೆ, ಅದನ್ನು ಬಳಿದಿರುವ ತಾಮ್ರದ ಹಾಳೆಯಿಂದ ಕಳಚಿಕೊಳ್ಳುತ್ತದೆ.

ಕಣವನ್ನು ಮೊದಲೇ ಚಿಕ್ಕದು ಮಾಡಿಬಿಟ್ಟರೆ ಈ ಬಿರುಕು ತಪ್ಪುತ್ತದೆ. ಆದರೆ ಅದಕ್ಕೆ ಇನ್ನೊಂದು ಕಡೆ ಬೆಲೆ ಕೊಡಬೇಕು, ಅದು ಕಣದ ಹೊರಮೈಯಲ್ಲಿ. ಕೆಳಗಿನ ಪ್ರತಿ ಹಂತವೂ ಒಂದಲ್ಲ ಒಂದು ರೀತಿಯಲ್ಲಿ ಆ ಹೊರಮೈಯನ್ನು ಕಾಯುವ ಕೆಲಸವೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ, ಯಾವ ಹಂತ ಯಾಕಿದೆ ಎಂದು ತಾನಾಗಿ ಗೊತ್ತಾಗುತ್ತದೆ.

ಇದು ಬ್ಯಾಟರಿ ಲ್ಯಾಬ್‌ಗೆ ಹೊಸದಾಗಿ ಬಂದವರಿಗಾಗಿ ಬರೆದದ್ದು. ಗ್ಲೋವ್ ಬಾಕ್ಸ್, ವ್ಯಾಕ್ಯೂಮ್ ಓವನ್, ಕಾಯಿನ್ ಸೆಲ್ ಒತ್ತುವ ಯಂತ್ರ, ಬ್ಯಾಟರಿ ಟೆಸ್ಟರ್ ಇವೆ ಎಂದು ಭಾವಿಸಿದ್ದೇನೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಶುರುಮಾಡುವ ಮುಂಚೆ ಒಂದು ಲೆಕ್ಕ

ಹರಳಿನ ರೂಪದ ಸಿಲಿಕಾನ್ ಕಣದ ವ್ಯಾಸ ಸುಮಾರು 150 ನ್ಯಾನೋಮೀಟರ್‌ಗಿಂತ ಕಡಿಮೆ ಇದ್ದರೆ, ಮೊದಲ ಸಲ ಲಿಥಿಯಂ ತುಂಬುವಾಗ ಅದು ಒಡೆಯುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಕಣವನ್ನು ನೋಡುತ್ತಾ ಕಂಡುಕೊಂಡ ಸಂಗತಿ ಇದು. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಯಿ ಕುಯಿ ಅವರ ತಂಡ ಸಿಲಿಕಾನ್ ನ್ಯಾನೋ ತಂತಿಗಳಿಂದ ಆನೋಡ್ ಮಾಡಿ ತೋರಿಸಿದ ಮೇಲೆ ಈ ದಾರಿಯಲ್ಲಿ ಕೆಲಸ ಜೋರಾಯಿತು.

ಇನ್ನೊಂದು ಲಾಭ ವೇಗದ್ದು. ಲಿಥಿಯಂ ಕಣದೊಳಗೆ ಹರಡಲು ಬೇಕಾದ ಸಮಯ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. 10 ಮೈಕ್ರೋಮೀಟರ್ ದೂರವನ್ನು 100 ನ್ಯಾನೋಮೀಟರ್‌ಗೆ ಇಳಿಸಿದರೆ ದೂರ ನೂರು ಪಟ್ಟು ಕಡಿಮೆ, ಸಮಯ ಹತ್ತು ಸಾವಿರ ಪಟ್ಟು ಕಡಿಮೆ.

ಈಗ ಬೆಲೆ ನೋಡಿ. ಕಣ ಗುಂಡಗಿದೆ ಎಂದುಕೊಂಡರೆ, 6ನ್ನು ಸಾಂದ್ರತೆ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದರೆ ಒಂದು ಗ್ರಾಂನ ಹೊರಮೈ ವಿಸ್ತೀರ್ಣ ಸಿಗುತ್ತದೆ. ಸಿಲಿಕಾನ್ ಸಾಂದ್ರತೆ ಘನ ಸೆಂಟಿಮೀಟರ್‌ಗೆ 2.33 ಗ್ರಾಂ. 10 ಮೈಕ್ರೋಮೀಟರ್ ಕಣವಾದರೆ ಗ್ರಾಂಗೆ 0.26 ಚದರ ಮೀಟರ್. 100 ನ್ಯಾನೋಮೀಟರ್ ಕಣವಾದರೆ 26 ಚದರ ಮೀಟರ್. ಈ ಹೊರಮೈಯ ಪ್ರತಿ ಚೂರಿನ ಮೇಲೂ ಎಲೆಕ್ಟ್ರೋಲೈಟ್, ಅಂದರೆ ಲಿಥಿಯಂ ಅಯಾನುಗಳು ಓಡಾಡುವ ದ್ರವ, ಒಡೆದು ಒಂದು ತೆಳು ಪದರ ಕೂರುತ್ತದೆ. ಅದನ್ನು ಎಸ್‌ಇಐ ಪದರ ಎನ್ನುತ್ತಾರೆ. ಆ ಪದರಕ್ಕೆ ಹೋದ ಲಿಥಿಯಂ ಮತ್ತೆ ವಾಪಸ್ ಬರುವುದಿಲ್ಲ. ಗ್ರಾಫೈಟ್‌ನಲ್ಲಿ ಇದು ಹೆಚ್ಚಾಗಿ ಒಂದು ಸಲದ ಖರ್ಚು. ಸಿಲಿಕಾನ್ ಊದಿ ಕುಗ್ಗುವಾಗಲೆಲ್ಲ ಪದರ ಹರಿಯುತ್ತದೆ, ಹೊಸ ಮೈ ಹೊರಬರುತ್ತದೆ, ಮತ್ತೆ ಖರ್ಚು.

ಹಾಗಾಗಿ ಕಣ ಚಿಕ್ಕದಾದಷ್ಟೂ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 20 ನ್ಯಾನೋಮೀಟರ್‌ಗೆ ಹೋದರೆ ಬಿರುಕಿನ ವಿಷಯದಲ್ಲಿ ಹೊಸದಾಗಿ ಸಿಗುವುದು ಕಡಿಮೆ, ಹೊರಮೈ ಮಾತ್ರ ಇನ್ನೂ ಐದು ಪಟ್ಟು ಜಾಸ್ತಿ. 80ರಿಂದ 120 ನ್ಯಾನೋಮೀಟರ್ ಮಧ್ಯದ ಪುಡಿ ಕಲಿಯುವವರಿಗೆ ಸರಿಯಾದ ಜಾಗ.

ಸುರಕ್ಷತೆ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ನ್ಯಾನೋ ಸಿಲಿಕಾನ್ ಪುಡಿ ಗಾಳಿಯಲ್ಲಿ ತೇಲುತ್ತದೆ, ಶ್ವಾಸಕೋಶಕ್ಕೆ ಹೋಗುತ್ತದೆ, ದೂಳಾಗಿ ಎದ್ದಾಗ ಕಿಡಿ ತಗುಲಿದರೆ ಉರಿಯುತ್ತದೆ. ಒಣ ಪುಡಿ ತೂಗುವುದು ಫ್ಯೂಮ್ ಹುಡ್ ಒಳಗೆ ಅಥವಾ ಗ್ಲೋವ್ ಬಾಕ್ಸ್ ಒಳಗೆ ಮಾತ್ರ. ಎಲೆಕ್ಟ್ರೋಲೈಟ್‌ನಲ್ಲಿರುವ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಉಪ್ಪು ನೀರಿನ ತೇವ ಕಂಡರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟಿಸುತ್ತದೆ. ಇದು ಚರ್ಮದ ಮೂಲಕ ಒಳಗಿಳಿಯುವ ಆಮ್ಲ. ಅದು ತಗುಲಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಲ್ಲಿಟ್ಟಿದೆ ಎಂದು ಕೆಲಸ ಶುರುವಾಗುವ ಮೊದಲೇ ನೋಡಿಕೊಳ್ಳಿ. ಲಿಥಿಯಂ ಲೋಹಕ್ಕೆ ಬೆಂಕಿ ಹತ್ತಿದರೆ ನೀರೂ ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬೇಡ. ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿ ಬೇಕು.

ಹಂತ 1: ಪುಡಿಯನ್ನು ತಿಳಿದುಕೊಳ್ಳಿ

ಡಬ್ಬಿಯ ಮೇಲೆ 100 ನ್ಯಾನೋಮೀಟರ್ ಎಂದು ಬರೆದಿದ್ದರೆ ಸಾಕಾಗುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯಿರಿ. ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಗುಂಪಾಗಿದ್ದರೆ ಎಲೆಕ್ಟ್ರೋಡ್‌ನಲ್ಲಿ ಇಡೀ ಗುಂಪು ಒಂದೇ ಕಣದ ಹಾಗೆ ಊದುತ್ತದೆ. ಎಕ್ಸ್-ರೇ ಡಿಫ್ರ್ಯಾಕ್ಷನ್‌ನಲ್ಲಿ ಬೇರೆ ಹರಳುಗಳು ಬೆರೆತಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಮುಖ್ಯವಾದದ್ದು ಆಕ್ಸೈಡ್. ಗಾಳಿ ಕಂಡ ಸಿಲಿಕಾನ್ ಮೇಲೆ ಕೆಲವು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಬರುತ್ತದೆ. 100 ನ್ಯಾನೋಮೀಟರ್ ಕಣದ ಸುತ್ತ 3 ನ್ಯಾನೋಮೀಟರ್ ಪದರ ಇದ್ದರೆ ಗಾತ್ರದ ಲೆಕ್ಕದಲ್ಲಿ ಅದು ಸುಮಾರು ಶೇ. 17. ಸಣ್ಣ ಮಾತಲ್ಲ, ಅಲ್ವಾ? ಆ ಆಕ್ಸೈಡ್ ಮೊದಲ ಚಾರ್ಜಿನಲ್ಲೇ ಲಿಥಿಯಂ ತಿಂದುಬಿಡುತ್ತದೆ. ಪುಡಿಯನ್ನು ಆರ್ಗಾನ್ ಒಳಗಿಡಿ, ಬೇಕಾದಷ್ಟೇ ಹೊರಗೆ ತೆಗೆಯಿರಿ.

ಹಂತ 2: ಕಾರ್ಬನ್ ಹೊದಿಕೆ

ಸುಲಭದ ದಾರಿ ಗ್ಲೂಕೋಸ್. ಪುಡಿಯನ್ನು ಗ್ಲೂಕೋಸ್ ನೀರಿನಲ್ಲಿ ಕದಡಿ, ಕಲಕುತ್ತಲೇ ಒಣಗಿಸಿ, ಆರ್ಗಾನ್ ಹರಿಯುವ ಕೊಳವೆ ಕುಲುಮೆಯಲ್ಲಿ ನಿಮಿಷಕ್ಕೆ 3ರಿಂದ 5 ಡಿಗ್ರಿಯಂತೆ ಏರಿಸಿ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಡಿ. ಬಿಸಿ ಇನ್ನೂ ಜಾಸ್ತಿ ಆದರೆ ಕಾರ್ಬನ್ ಚೆನ್ನಾಗಿ ವಿದ್ಯುತ್ ಹರಿಸುತ್ತದೆ ನಿಜ. ಆದರೆ ತೀರಾ ಮೇಲೆ ಹೋದರೆ ಸಿಲಿಕಾನ್ ಕಾರ್ಬೈಡ್ ಆಗುವ ಭಯ, ಅದು ಲಿಥಿಯಂ ಹಿಡಿಯುವುದಿಲ್ಲ.

ಎಷ್ಟು ಕಾರ್ಬನ್ ಕೂತಿದೆ ಎಂದು ನೋಡಲು ಗಾಳಿಯಲ್ಲಿ ಬಿಸಿ ಮಾಡುತ್ತಾ ತೂಕ ಅಳೆಯುವ ಟಿಜಿಎ ಸಾಕು. ಮೊದಲು ತೂಕ ಇಳಿಯುತ್ತದೆ, ಅದು ಕಾರ್ಬನ್ ಉರಿದದ್ದು. ಆಮೇಲೆ ತೂಕ ನಿಧಾನವಾಗಿ ಏರುತ್ತದೆ, ಅದು ಸಿಲಿಕಾನ್ ಆಕ್ಸೈಡ್ ಆಗುತ್ತಿರುವುದು. ಇಳಿದು ನಿಂತ ತಳವನ್ನು ಓದಿ, ಕೊನೆಯ ತೂಕವನ್ನಲ್ಲ.

ಹೊದಿಕೆ ಇಲ್ಲದ ಪುಡಿಯಿಂದಲೂ ಒಂದು ತಂಡ ಸೆಲ್ ಮಾಡಿ ಎನ್ನುವುದು ನನ್ನ ಸಲಹೆ. ಹೋಲಿಸಲು ಅದು ಇಲ್ಲದಿದ್ದರೆ ಹೊದಿಕೆ ಏನು ಕೊಟ್ಟಿತು ಎಂದು ಹೇಳಲು ಆಗುವುದಿಲ್ಲ. ಮುಂದಿನ ಲೆಕ್ಕವೂ ಹೊದಿಕೆ ಇಲ್ಲದ ಪುಡಿಯದ್ದೇ.

ಹಂತ 3: ಸ್ಲರಿ (ಹಾಳೆಗೆ ಬಳಿಯುವ ಗಟ್ಟಿ ದ್ರವ) ಕಲಸುವುದು

ಬರೀ ಸಿಲಿಕಾನ್ ಎಲೆಕ್ಟ್ರೋಡ್‌ನಿಂದ ಶುರುಮಾಡಬೇಡಿ. ಗ್ರಾಫೈಟ್ ಜೊತೆ ಬೆರೆಸಿ. ಗ್ರಾಫೈಟ್ ವಿದ್ಯುತ್ ಹರಿಸುತ್ತದೆ, ಊದುವಿಕೆಗೆ ಒಂದಿಷ್ಟು ಜಾಗ ಬಿಡುತ್ತದೆ. ತೂಕದಲ್ಲಿ ಸಿಲಿಕಾನ್ 15, ಗ್ರಾಫೈಟ್ 65, ಕಾರ್ಬನ್ ಬ್ಲ್ಯಾಕ್ 10, ಬೈಂಡರ್ (ಕಣಗಳನ್ನು ಹಿಡಿದಿಡುವ ಅಂಟು) 10 ಎಂಬ ಪಾಲು ಒಳ್ಳೆಯ ಆರಂಭ.

ಬೈಂಡರ್ ಆಯ್ಕೆಯಲ್ಲಿ ಹಠ ಹಿಡಿಯಿರಿ. ಕ್ಯಾಥೋಡ್‌ಗೆ ಬಳಸುವ ಪಿವಿಡಿಎಫ್ ಸಿಲಿಕಾನ್‌ಗೆ ಹೊಂದುವುದಿಲ್ಲ, ಅದರ ಹಿಡಿತ ಸಡಿಲ. ಸೋಡಿಯಂ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಅಂದರೆ ಸಿಎಂಸಿ, ಅಥವಾ ಪಾಲಿಅಕ್ರಿಲಿಕ್ ಆಮ್ಲ ಬಳಸಿ. ಇವುಗಳಲ್ಲಿರುವ ಕಾರ್ಬಾಕ್ಸಿಲ್ ಗುಂಪುಗಳು ಸಿಲಿಕಾನ್ ಮೇಲಿನ ಆಕ್ಸೈಡನ್ನು ಗಟ್ಟಿಯಾಗಿ ಹಿಡಿಯುತ್ತವೆ. ಕಣ ಊದಿ ಕುಗ್ಗಿದ ಮೇಲೂ ಜಾಗ ಬಿಟ್ಟು ಹೋಗಲು ಬಿಡುವುದಿಲ್ಲ. ಸ್ಲರಿಯನ್ನು ಸಿಟ್ರಿಕ್ ಆಮ್ಲದ ಬಫರ್‌ನಿಂದ ಪಿಎಚ್ 3ರ ಸುತ್ತ ಇಟ್ಟರೆ ಸಿಎಂಸಿ ಹಿಡಿತ ಇನ್ನೂ ಬಲವಾಗುತ್ತದೆ.

ಎರಡು ಗ್ರಾಂ ಘನ ಪದಾರ್ಥಕ್ಕೆ ಹೀಗೆ ಮಾಡಿ:

ಹಿಂದಿನ ದಿನವೇ ನೀರಿನಲ್ಲಿ ಶೇ. 3ರ ಸಿಎಂಸಿ ದ್ರಾವಣ ಮಾಡಿಡಿ. ನೀರು ಸುತ್ತುತ್ತಿರುವಾಗ ಪುಡಿಯನ್ನು ಚೂರುಚೂರೇ ಉದುರಿಸಿ. ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟು ಮತ್ತೆ ಕರಗುವುದು ಕಷ್ಟ.

0.20 ಗ್ರಾಂ ಕಾರ್ಬನ್ ಬ್ಲ್ಯಾಕ್ ಮತ್ತು 0.30 ಗ್ರಾಂ ಸಿಲಿಕಾನನ್ನು 6.7 ಗ್ರಾಂ ದ್ರಾವಣಕ್ಕೆ ಮೊದಲು ಸೇರಿಸಿ. ಪಾತ್ರೆಯನ್ನು ಮಂಜುಗಡ್ಡೆ ನೀರಿನಲ್ಲಿಟ್ಟು ಅಲ್ಟ್ರಾಸೋನಿಕ್ ಕೊಡಿ. ಗ್ರಾಫೈಟ್ ಹಾಕುವುದು ಇದಾದ ಮೇಲೆ, 1.30 ಗ್ರಾಂ. ಕ್ರಮ ತಿರುಗಿಸಿದರೆ ನ್ಯಾನೋ ಕಣಗಳ ಗುಂಪು ಒಡೆಯುವ ಮೊದಲೇ ಸ್ಲರಿ ದಪ್ಪಗಾಗಿಬಿಡುತ್ತದೆ.

ಕೊನೆಗೆ ಪ್ಲಾನೆಟರಿ ಮಿಕ್ಸರ್‌ನಲ್ಲಿ ಕಲಸಿ. ಚಮಚದಿಂದ ಇಳಿಬಿಟ್ಟಾಗ ಜೇನಿನ ಹಾಗೆ ಎಳೆಯಾಗಿ ಇಳಿಯಬೇಕು.

ಒಂದು ಎಚ್ಚರಿಕೆ. ಸಿಲಿಕಾನ್ ನೀರಿನ ಜೊತೆ ನಿಧಾನವಾಗಿ ವರ್ತಿಸಿ ಹೈಡ್ರೋಜನ್ ಬಿಡುತ್ತದೆ. ಕ್ಷಾರ ಇದ್ದರೆ ಇನ್ನೂ ವೇಗ. ಸ್ಲರಿ ಇಟ್ಟ ಸೀಸೆಯ ಮುಚ್ಚಳ ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಡಬೇಡಿ. ಮಾಡಿದ ದಿನವೇ ಬಳಿಯಿರಿ.

ಹಂತ 4: ಬಳಿದು ಒಣಗಿಸುವುದು

ಸುಮಾರು 10 ಮೈಕ್ರೋಮೀಟರ್ ದಪ್ಪದ ತಾಮ್ರದ ಹಾಳೆ ತೆಗೆದುಕೊಳ್ಳಿ. ಆನೋಡ್‌ಗೆ ಅಲ್ಯೂಮಿನಿಯಂ ಆಗುವುದಿಲ್ಲ, ಕಡಿಮೆ ವೋಲ್ಟೇಜ್‌ನಲ್ಲಿ ಅದೇ ಲಿಥಿಯಂ ಜೊತೆ ಮಿಶ್ರಲೋಹವಾಗುತ್ತದೆ. ಹಾಳೆಯನ್ನು ಗಾಜಿನ ಮೇಲೆ ಎಥನಾಲ್ ಹನಿಯಿಂದ ಅಂಟಿಸಿ, ಗುಳ್ಳೆ ಬರದಂತೆ ಒರೆಸಿ. ಲೇಪವನ್ನು ಒಂದೇ ದಪ್ಪಕ್ಕೆ ಎಳೆಯುವ ಡಾಕ್ಟರ್ ಬ್ಲೇಡ್‌ನ ಸಂದು 150 ಮೈಕ್ರೋಮೀಟರ್ ಇಟ್ಟು ಒಂದೇ ವೇಗದಲ್ಲಿ ಎಳೆಯಿರಿ.

ಮೊದಲು ಕೋಣೆಯ ಬಿಸಿಯಲ್ಲಿ ಒಣಗಲಿ. ಆತುರಪಟ್ಟು ಬಿಸಿ ಕೊಟ್ಟರೆ ನೀರಿನ ಜೊತೆ ಬೈಂಡರ್ ಮೇಲಕ್ಕೆ ಬಂದು, ತಾಮ್ರದ ಹತ್ತಿರ ಹಿಡಿತವೇ ಇರುವುದಿಲ್ಲ. ಬಿಲ್ಲೆಗಳನ್ನು ಕತ್ತರಿಸಿದ ಮೇಲೆ ವ್ಯಾಕ್ಯೂಮ್‌ನಲ್ಲಿ 120 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ರೋಲರ್‌ನಲ್ಲಿ ಒತ್ತುವುದಾದರೆ ಹಗುರವಾಗಿ ಒತ್ತಿ. ಊದಲು ಜಾಗ ಬೇಕಲ್ಲ.

ಹಂತ 5: ತೂಕ

ಹೊಸಬರ ಫಲಿತಾಂಶ ಜಾಸ್ತಿ ಕೆಡುವುದು ಇಲ್ಲೇ ಎಂದು ನನಗನ್ನಿಸುತ್ತದೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

12 ಮಿಲಿಮೀಟರ್ ವ್ಯಾಸದ ಬಿಲ್ಲೆಯ ವಿಸ್ತೀರ್ಣ 1.13 ಚದರ ಸೆಂಟಿಮೀಟರ್. 10 ಮೈಕ್ರೋಮೀಟರ್ ತಾಮ್ರದ ಬಿಲ್ಲೆ ತೂಗುವುದು ಸುಮಾರು 10.1 ಮಿಲಿಗ್ರಾಂ. ಅದರ ಮೇಲೆ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಬಳಿದಿದ್ದರೆ ಲೇಪದ ತೂಕ 2.26 ಮಿಲಿಗ್ರಾಂ. ಅಂದರೆ ನಾವು ಅಳೆಯುವ ತೂಕದಲ್ಲಿ ಬಹುಪಾಲು ತಾಮ್ರವೇ. ತಾಮ್ರದ ದಪ್ಪದಲ್ಲಿ ಶೇ. 2 ಏರುಪೇರಾದರೆ 0.2 ಮಿಲಿಗ್ರಾಂ. ಲೇಪದ ಲೆಕ್ಕದಲ್ಲಿ ಅದು ಶೇ. 9 ತಪ್ಪು. ಎರಡು ಹೊದಿಕೆಗಳ ನಡುವೆ ಶೇ. 5 ವ್ಯತ್ಯಾಸ ಕಂಡಿತು ಎಂದು ಬರೆಯುವ ಮೊದಲು ಇದನ್ನು ಯೋಚಿಸಬೇಕು.

ಅದೇ ಹಾಳೆಯ ಬಳಿಯದ ಭಾಗದಿಂದ ಹತ್ತು ಖಾಲಿ ಬಿಲ್ಲೆ ಕತ್ತರಿಸಿ ಒಂದೊಂದನ್ನೂ ತೂಗಿ, ಸರಾಸರಿ ಮತ್ತು ಏರುಪೇರು ಎರಡನ್ನೂ ಬರೆದಿಡಿ. ಕನಿಷ್ಠ 0.01 ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು.

ಸಾಮರ್ಥ್ಯದ ಲೆಕ್ಕ ಹೀಗೆ. ಲೇಪದ ಒಂದು ಗ್ರಾಂನಲ್ಲಿ ಸಿಲಿಕಾನ್‌ನಿಂದ 0.15 × 3,579 = 537, ಗ್ರಾಫೈಟ್‌ನಿಂದ 0.65 × 372 = 242. ಒಟ್ಟು 779 ಮಿಲಿಆಂಪ್-ಅವರ್. 2.26 ಮಿಲಿಗ್ರಾಂಗೆ 1.76 ಮಿಲಿಆಂಪ್-ಅವರ್. ಇಪ್ಪತ್ತು ಗಂಟೆಯಲ್ಲಿ ತುಂಬಬೇಕಾದರೆ, ಅಂದರೆ ಸಿ/20 ವೇಗಕ್ಕೆ, ಕರೆಂಟ್ 0.088 ಮಿಲಿಆಂಪ್.

ಹಂತ 6: ಸೆಲ್ ಕಟ್ಟುವುದು

ಗ್ಲೋವ್ ಬಾಕ್ಸ್‌ನಲ್ಲಿ ತೇವವೂ ಆಕ್ಸಿಜನ್ನೂ 1 ಪಿಪಿಎಂಗಿಂತ ಕೆಳಗಿರಲಿ. ಸಿಆರ್2032 ಡಬ್ಬಿಯಲ್ಲಿ ಕೆಳಗಿನಿಂದ ಮೇಲಕ್ಕೆ ಸಿಲಿಕಾನ್ ಎಲೆಕ್ಟ್ರೋಡ್, ಸೆಪರೇಟರ್ (ಎರಡೂ ಬದಿ ತಾಗದಂತೆ ತಡೆಯುವ ರಂಧ್ರಗಳ ಹಾಳೆ), ಲಿಥಿಯಂ ಬಿಲ್ಲೆ, ಸ್ಟೀಲ್ ಬಿಲ್ಲೆ, ಸ್ಪ್ರಿಂಗ್, ಮುಚ್ಚಳ. ಸೆಪರೇಟರ್‌ನ ಕೆಳಗೆ ಮೇಲೆ ಸೇರಿ ಒಟ್ಟು 80 ಮೈಕ್ರೋಲೀಟರ್ ಎಲೆಕ್ಟ್ರೋಲೈಟ್ ಹಾಕಿ. ಪ್ರತಿ ಸೆಲ್‌ಗೂ ಅಷ್ಟೇ ಹಾಕಿ, ಅಳತೆ ಬದಲಾದರೆ ಆಯುಸ್ಸೂ ಬದಲಾಗುತ್ತದೆ. ಲಿಥಿಯಂ ಬಿಲ್ಲೆ ಸಿಲಿಕಾನ್ ಬಿಲ್ಲೆಗಿಂತ ಅಗಲ ಇರಲಿ.

ಎಥಿಲೀನ್ ಕಾರ್ಬೊನೇಟ್ ಮತ್ತು ಡೈಎಥೈಲ್ ಕಾರ್ಬೊನೇಟ್ ಸಮಪಾಲಿನಲ್ಲಿ 1 ಮೋಲಾರ್ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಉಪ್ಪು ಇರುವ ಎಲೆಕ್ಟ್ರೋಲೈಟ್‌ಗೆ ಶೇ. 10 ಫ್ಲೋರೋಎಥಿಲೀನ್ ಕಾರ್ಬೊನೇಟ್, ಅಂದರೆ ಎಫ್‌ಇಸಿ, ಸೇರಿಸಿ. ಇದು ಉಳಿದ ದ್ರಾವಕಗಳಿಗಿಂತ ಮೊದಲೇ ಒಡೆದು ಲಿಥಿಯಂ ಫ್ಲೋರೈಡ್ ಜಾಸ್ತಿ ಇರುವ ಪದರ ಕಟ್ಟುತ್ತದೆ. ಆದರೆ ಪದರ ಹರಿದಾಗಲೆಲ್ಲ ಎಫ್‌ಇಸಿ ಖರ್ಚಾಗುತ್ತದೆ. ಅದು ಮುಗಿದ ದಿನ ಸೆಲ್‌ನ ಸಾಮರ್ಥ್ಯ ಜಾರಿ ಬೀಳುತ್ತದೆ.

ಮುಚ್ಚಿದ ಮೇಲೆ ಹತ್ತು ಗಂಟೆ ಸುಮ್ನೆ ಬಿಡಿ, ಎಲೆಕ್ಟ್ರೋಲೈಟ್ ಸಣ್ಣ ರಂಧ್ರಗಳಿಗೆ ಇಳಿಯಲಿ. ವೋಲ್ಟೇಜ್ 2ರಿಂದ 3ರ ಮಧ್ಯೆ ಇರಬೇಕು. ಸೊನ್ನೆಯ ಹತ್ತಿರ ಇದ್ದರೆ ಒಳಗೆ ಶಾರ್ಟ್ ಆಗಿದೆ.

ಹಂತ 7: ಮೊದಲ ಸುತ್ತನ್ನು ಓದುವುದು

ಲಿಥಿಯಂ ಎದುರಿಗಿರುವ ಈ ಅರ್ಧ ಸೆಲ್‌ನಲ್ಲಿ, ಸಿಲಿಕಾನ್‌ಗೆ ಲಿಥಿಯಂ ತುಂಬುವುದನ್ನು ಟೆಸ್ಟರ್ ಡಿಸ್ಚಾರ್ಜ್ ಎಂದು ತೋರಿಸುತ್ತದೆ. ಗೊಂದಲ ಮಾಡಿಕೊಳ್ಳಬೇಡಿ.

ಸಿ/20 ವೇಗದಲ್ಲಿ 0.05 ವೋಲ್ಟ್‌ವರೆಗೆ ಇಳಿಸಿ, ಮತ್ತೆ 1.0 ವೋಲ್ಟ್‌ವರೆಗೆ ಏರಿಸಿ. ಮೂರು ಸುತ್ತು ಹೀಗೇ ನಡೆಯಲಿ. 0.05ಕ್ಕಿಂತ ಕೆಳಗೆ ಹೋದರೆ ತುಂಬಿದ ಸಿಲಿಕಾನ್ ಹರಳುಗಟ್ಟುತ್ತದೆ, ಊದುವಿಕೆ ಜಾಸ್ತಿಯಾಗುತ್ತದೆ. ವಾಪಸ್ ಬರುವಾಗ 0.45 ವೋಲ್ಟ್ ಹತ್ತಿರ ಸಮತಟ್ಟಾದ ಗೆರೆ ಕಂಡರೆ ಹಾಗಾಗಿದೆ ಎಂದರ್ಥ.

ಲಿಥಿಯಂ ಹೊರಬರುವ ಗೆರೆಯನ್ನು ಹತ್ತಿರದಿಂದ ನೋಡಿ. 0.25 ವೋಲ್ಟ್‌ವರೆಗೆ ಬರುವುದು ಬಹುಪಾಲು ಗ್ರಾಫೈಟ್‌ನಿಂದ. ಅಲ್ಲಿಂದ ಮೇಲೆ, 0.3 ಮತ್ತು 0.5ರ ಸುತ್ತ ದಿಬ್ಬದಂತೆ ಕಾಣುವುದು ಸಿಲಿಕಾನ್‌ನಿಂದ. ವೋಲ್ಟೇಜ್‌ಗೆ ತಕ್ಕಂತೆ ಸಾಮರ್ಥ್ಯ ಎಷ್ಟು ಬದಲಾಯಿತು ಎಂಬ ಡಿಕ್ಯೂ/ಡಿವಿ ಚಿತ್ರ ಬರೆದರೆ ಇವೆರಡೂ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಐವತ್ತು ಸುತ್ತಿನ ನಂತರ ಸಾಮರ್ಥ್ಯ ಬಿದ್ದಿದೆ ಎಂದಿಟ್ಟುಕೊಳ್ಳಿ. ಗ್ರಾಫೈಟ್ ದಿಬ್ಬ ಹಾಗೇ ಇದ್ದು ಸಿಲಿಕಾನ್ ದಿಬ್ಬ ಕರಗಿದ್ದರೆ, ಸಿಲಿಕಾನ್ ಕಣಗಳು ವಿದ್ಯುತ್ ಸಂಪರ್ಕ ಕಳೆದುಕೊಂಡಿವೆ. ಬೈಂಡರ್ ಕಡೆ ನೋಡಬೇಕು. ಎರಡೂ ದಿಬ್ಬ ಬಲಕ್ಕೆ ಸರಿದಿದ್ದರೆ ತಡೆ ಏರಿದೆ. ಪದರ ದಪ್ಪಗಾಗಿದೆ, ಇಲ್ಲವೇ ಎಲೆಕ್ಟ್ರೋಲೈಟ್ ಮುಗಿಯುತ್ತಿದೆ.

ಹಂತ 8: ಅರ್ಧ ಸೆಲ್ ಮರೆಮಾಡುವ ಸತ್ಯ

ಒಳಗೆ ಹೋದ ಲಿಥಿಯಂನಲ್ಲಿ ವಾಪಸ್ ಬಂದ ಪಾಲಿಗೆ ಕೂಲಂಬಿಕ್ ದಕ್ಷತೆ ಎನ್ನುತ್ತಾರೆ. ಪ್ರತಿ ಸುತ್ತಿನಲ್ಲಿ ಶೇ. 99.5 ಎಂದರೆ ಚೆನ್ನಾಗಿದೆ ಅನ್ನಿಸುತ್ತದೆ. ನೂರು ಸುತ್ತಿಗೆ ಗುಣಿಸಿ ನೋಡಿ, ಉಳಿಯುವುದು ಶೇ. 61. ಶೇ. 99.9 ಆದರೆ ಉಳಿಯುವುದು ಶೇ. 90.

ಆದರೆ ಅರ್ಧ ಸೆಲ್‌ನಲ್ಲಿ ಈ ನಷ್ಟ ಕಾಣುವುದೇ ಇಲ್ಲ. ಎದುರಿಗೆ ಬೇಕಾದಷ್ಟು ಲಿಥಿಯಂ ಲೋಹ ಇದೆ, ಕಳೆದದ್ದನ್ನು ಅದು ತುಂಬಿಕೊಡುತ್ತಲೇ ಇರುತ್ತದೆ. ಹಾಗಾಗಿ ಅರ್ಧ ಸೆಲ್‌ನ ಸುಂದರ ಗೆರೆ ತೋರಿಸಿ ಆನೋಡ್ ಗೆದ್ದಿತು ಎನ್ನಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ಕ್ಯಾಥೋಡ್ ಎದುರು ಪೂರ್ಣ ಸೆಲ್ ಕಟ್ಟಿ. 1997ರಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಮುಂದಿಟ್ಟ ಈ ವಸ್ತು ತಾನಾಗಿ ವಿದ್ಯುತ್ ಅಷ್ಟು ಚೆನ್ನಾಗಿ ಹರಿಸುವುದಿಲ್ಲ. ಕಣ ಚಿಕ್ಕದು ಮಾಡಿ ಕಾರ್ಬನ್ ಹೊದಿಸಿದ ಮೇಲೆಯೇ ಅದು ಕೆಲಸಕ್ಕೆ ಬಂದದ್ದು.

ನಮ್ಮ ಆನೋಡ್ ಚದರ ಸೆಂಟಿಮೀಟರ್‌ಗೆ ಸುಮಾರು 1.56 ಮಿಲಿಆಂಪ್-ಅವರ್. ಆನೋಡ್ ಕ್ಯಾಥೋಡ್‌ಗಿಂತ 1.1 ಪಟ್ಟು ಇರಬೇಕು, ಇಲ್ಲದಿದ್ದರೆ ಆನೋಡ್ ಮೇಲೆ ಲಿಥಿಯಂ ಲೋಹ ಕೂರುತ್ತದೆ. ಆಗ ಕ್ಯಾಥೋಡ್ 1.42 ಆಗಬೇಕು. ಗ್ರಾಂಗೆ 155 ಮಿಲಿಆಂಪ್-ಅವರ್ ಸಿಗುತ್ತದೆ ಎಂದುಕೊಂಡರೆ ಚದರ ಸೆಂಟಿಮೀಟರ್‌ಗೆ 9.1 ಮಿಲಿಗ್ರಾಂ ಕ್ಯಾಥೋಡ್ ವಸ್ತು. ನಿಮ್ಮ ಸೆಲ್‌ಗೆ ಲೆಕ್ಕ ಹಾಕುವಾಗ ಪುಸ್ತಕದ ಸಾಮರ್ಥ್ಯ ಬೇಡ, ಅಳೆದು ಬಂದದ್ದನ್ನೇ ಹಾಕಿ. ಮೊದಲ ಸುತ್ತಿನ ನಷ್ಟ ದೊಡ್ಡದಿದ್ದರೆ, ಸೆಲ್ ಕಟ್ಟುವ ಮೊದಲೇ ಆನೋಡ್‌ಗೆ ಒಂದಿಷ್ಟು ಲಿಥಿಯಂ ತುಂಬಿಸಬಹುದು. ಎಲೆಕ್ಟ್ರೋಲೈಟ್ ತಾಗಿಸಿದ ಆನೋಡನ್ನು ಲಿಥಿಯಂ ಹಾಳೆಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯುವುದು ಇದಕ್ಕೆ ಸರಳ ದಾರಿ.

ಎಲೆಕ್ಟ್ರೋಲೈಟ್‌ನಲ್ಲಿ ನ್ಯಾನೋ

ಇಲ್ಲಿ ಹೊರಮೈ ಶತ್ರುವಲ್ಲ, ಬೇಕಾದದ್ದೇ ಅದು. ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್‌ನಲ್ಲಿ ಲಿಥಿಯಂ ಉಪ್ಪು ಕರಗಿಸಿದರೆ ಘನ ಎಲೆಕ್ಟ್ರೋಲೈಟ್ ಸಿಗುತ್ತದೆ. ಆದರೆ ಸುಮಾರು 65 ಡಿಗ್ರಿಗಿಂತ ಕೆಳಗೆ ಪಾಲಿಮರ್ ಹರಳುಗಟ್ಟುತ್ತದೆ, ಅಯಾನುಗಳ ಓಡಾಟ ಕುಸಿಯುತ್ತದೆ. 1998ರಲ್ಲಿ ಕ್ರೋಚೆ, ಸ್ಕ್ರೊಸಾಟಿ ಮತ್ತು ಜೊತೆಗಾರರು ಟೈಟಾನಿಯಂ ಡೈಆಕ್ಸೈಡ್ ಮತ್ತು ಅಲ್ಯೂಮಿನಾದ ನ್ಯಾನೋ ಪುಡಿ ಬೆರೆಸಿ ತೋರಿಸಿದರು. ಕಣಗಳು ಪಾಲಿಮರ್ ಸರಪಳಿಗಳನ್ನು ಅಚ್ಚುಕಟ್ಟಾಗಿ ಜೋಡಿಸಿಕೊಳ್ಳಲು ಬಿಡುವುದಿಲ್ಲ, ಹಾಗಾಗಿ ಕಡಿಮೆ ಬಿಸಿಯಲ್ಲೂ ಅಯಾನುಗಳಿಗೆ ದಾರಿ ಉಳಿಯುತ್ತದೆ.

ಮಾಡುವ ಬಗೆ ಹೀಗೆ. ಪಾಲಿಮರನ್ನು 50 ಡಿಗ್ರಿಯಲ್ಲಿ, ಎಲ್‌ಐಟಿಎಫ್‌ಎಸ್‌ಐ ಎಂಬ ಲಿಥಿಯಂ ಉಪ್ಪನ್ನು 120 ಡಿಗ್ರಿಯಲ್ಲಿ, ಅಲ್ಯೂಮಿನಾ ಪುಡಿಯನ್ನು 200 ಡಿಗ್ರಿಗಿಂತ ಮೇಲೆ, ಎಲ್ಲವನ್ನೂ ವ್ಯಾಕ್ಯೂಮ್‌ನಲ್ಲಿ ಒಣಗಿಸಿ. ನ್ಯಾನೋ ಪುಡಿ ತನ್ನ ಮೈತುಂಬ ನೀರು ಹಿಡಿದಿರುತ್ತದೆ, ಅದನ್ನು ಬಿಡಿಸದೆ ಮುಂದೆ ಹೋಗಬೇಡಿ. ಇಪ್ಪತ್ತು ಆಕ್ಸಿಜನ್ ಘಟಕಕ್ಕೆ ಒಂದು ಲಿಥಿಯಂ ಎಂಬ ಪಾಲಿಗೆ ಒಂದು ಗ್ರಾಂ ಪಾಲಿಮರ್, 0.326 ಗ್ರಾಂ ಉಪ್ಪು. ಒಟ್ಟು ತೂಕದ ಶೇ. 10ಕ್ಕೆ 0.147 ಗ್ರಾಂ ಅಲ್ಯೂಮಿನಾ. ಪುಡಿಯನ್ನು ಮೊದಲು ಅಸಿಟೋನೈಟ್ರೈಲ್‌ನಲ್ಲಿ ಅಲ್ಟ್ರಾಸೋನಿಕ್ ಕೊಟ್ಟು ಹರಡಿ, ಆಮೇಲೆ ಉಪ್ಪು, ಕೊನೆಗೆ ಪಾಲಿಮರ್. ಟೆಫ್ಲಾನ್ ತಟ್ಟೆಗೆ ಸುರಿದು ದ್ರಾವಕ ನಿಧಾನವಾಗಿ ಹಾರಲಿ, ನಂತರ ವ್ಯಾಕ್ಯೂಮ್‌ನಲ್ಲಿ 60 ಡಿಗ್ರಿಯಲ್ಲಿ ಒಂದು ದಿನ. ಒಂದಿಷ್ಟು ಅಸಿಟೋನೈಟ್ರೈಲ್ ಉಳಿದುಬಿಟ್ಟರೆ ಅದೇ ಅಯಾನುಗಳನ್ನು ಓಡಿಸುತ್ತದೆ, ಶ್ರೇಯಸ್ಸು ಮಾತ್ರ ನ್ಯಾನೋ ಪುಡಿಗೆ ಹೋಗುತ್ತದೆ. ಆದ್ದರಿಂದ ಪುಡಿ ಇಲ್ಲದ ಹಾಳೆಯನ್ನೂ ಅದೇ ದಿನ, ಅದೇ ರೀತಿ ಮಾಡಿ ಒಟ್ಟಿಗೇ ಒಣಗಿಸಿ.

ಹಾಳೆಯನ್ನು ಎರಡು ಸ್ಟೀಲ್ ಬಿಲ್ಲೆಗಳ ನಡುವೆ ಇಟ್ಟು ಇಂಪೀಡೆನ್ಸ್ ಅಳೆಯಿರಿ. ದಪ್ಪವನ್ನು ತಡೆ ಮತ್ತು ವಿಸ್ತೀರ್ಣದ ಗುಣಲಬ್ಧದಿಂದ ಭಾಗಿಸಿದರೆ ವಾಹಕತೆ. 100 ಮೈಕ್ರೋಮೀಟರ್ ದಪ್ಪ, 2 ಚದರ ಸೆಂಟಿಮೀಟರ್, 50 ಓಮ್ ಎಂದರೆ ಸೆಂಟಿಮೀಟರ್‌ಗೆ 0.0001 ಸೀಮೆನ್ಸ್. 80 ಡಿಗ್ರಿಯಿಂದ ಕೆಳಗಿಳಿಯುತ್ತಾ ಅಳೆಯಿರಿ, ಪ್ರತಿ ಬಿಸಿಯಲ್ಲೂ ಒಂದು ಗಂಟೆ ನಿಲ್ಲಿಸಿ. ಬಿಸಿ ಮಾಡಿದಾಗ ಹಾಳೆ ತೆಳ್ಳಗಾಗುವುದುಂಟು, ಸೆಲ್ ಬಿಚ್ಚಿದ ಮೇಲೆ ದಪ್ಪವನ್ನು ಮತ್ತೊಮ್ಮೆ ಅಳೆಯಿರಿ.

ಈ ಹಾಳೆಯನ್ನು ಪೂರ್ಣ ಸೆಲ್‌ಗೆ ಹಾಕುವುದಾದರೆ ಕ್ಯಾಥೋಡ್ ಲಿಥಿಯಂ ಐರನ್ ಫಾಸ್ಫೇಟೇ ಇರಲಿ. ಅದು ಕೆಲಸ ಮಾಡುವುದು 3.4 ವೋಲ್ಟ್ ಸುತ್ತ. 4 ವೋಲ್ಟ್ ಹತ್ತಿರದ ಕ್ಯಾಥೋಡ್ ಎದುರು ಪಾಲಿಮರ್ ಒಡೆಯಲು ಶುರುವಾಗುತ್ತದೆ, ಈ ಉಪ್ಪು ಅಲ್ಯೂಮಿನಿಯಂ ಹಾಳೆಯನ್ನೂ ತಿನ್ನುತ್ತದೆ. ಚಾರ್ಜನ್ನು 3.7 ವೋಲ್ಟ್‌ಗೆ ನಿಲ್ಲಿಸಿ, 60 ಡಿಗ್ರಿಯಲ್ಲಿ ಓಡಿಸಿ.